ಅವ್ವನ ಸಾಣಿಗಿ ಹಿಡ್ಕೊಂಡು ಸಮುದ್ರದ ದಂಡಿಗಿ

ನಮ್ಮಪ್ಪ ನಲವತ್ತು ವರ್ಷ ಗೌಂಡಿ ಕೆಲಸ ಮಾಡಿದವ. ಕಲಬುರಗಿ, ಜೇವರ್ಗಿ, ಚಿತ್ತಾಪುರ ಕಡಿ ಅವ ಕಟ್ಟಿದ ಮನಿ ಎಷ್ಟೋ ಅವ. ಒಂದು ಮುಷ್ಟಿ ಉಸುಕು ಹಿಡಿದು ಹಿಚುಕಿ ಬಿಟ್ರ ಸಾಕು, ಇದು ಭೀಮಾದ್ದು, ಇದು ಹಳ್ಳದ್ದು, ಇದ್ರಾಗ ಮಣ್ಣು ಹೆಚ್ಚದ ಗಿಲಾವಿಗಿ ಬರಂಗಿಲ್ಲ ಅಂತ ಹೇಳಿಬಿಡ್ತಾನ. ಅಂಥವ ಅರವತ್ತಾರು ವರ್ಷ ಆದ್ರೂ ಸಮುದ್ರ ನೋಡಿದ್ದಿಲ್ಲ. ನಾನೂ ಕಾಲೇಜ್ ಟೂರಿನಾಗ ಒಮ್ಮಿ ಮುರುಡೇಶ್ವರಕ್ಕ ಹೋಗಿ ಫೋಟೋ ತಕ್ಕೊಂಡು ಬಂದಿದ್ದು ಅಷ್ಟೇ.

ಹೋಗಬೇಕು ಅನಿಸಿದ್ದು ಒಂದು ಹುಡುಗಿ ಕೇಳಿದ ಪ್ರಶ್ನೆಯಿಂದ. ನಾ ಚಿತ್ತಾಪುರ ಕಡಿ ಒಂದು ಹೈಸ್ಕೂಲಿನಾಗ ವಿಜ್ಞಾನ ಹೇಳ್ತೀನಿ. ಎಂಟನೇ ಕ್ಲಾಸಿನ ಹುಡುಗಿ ಎದ್ದು ನಿಂತು "ಟೀಚರ್, ಸಮುದ್ರದ ದಂಡಿ ಮ್ಯಾಲ ಬರೇ ಉಸುಕೇ ಇರ್ತದೇನ್ರಿ, ಅಲ್ಲಿ ಏನೂ ಬದುಕಂಗಿಲ್ಲೇನ್ರಿ" ಅಂತ ಕೇಳಿದ್ಳು. ನಾ ಹಿಂದ ಮುಂದ ನೋಡದೆ ಉಸುಕಿನಾಗ ಏನ್ ಇರ್ತದವ್ವಾ, ಸತ್ತ ಚಿಪ್ಪು ಒಂದಿಷ್ಟು ಇರ್ತಾವ ಅಂದುಬಿಟ್ಟೆ. ಮನಿಗಿ ಬಂದು ಓದ್ಲಾಕ ಕುಂತಾಗ ನಾ ಹೇಳಿದ್ದು ಪೂರಾ ತಪ್ಪು ಅಂತ ಗೊತ್ತಾಯ್ತು. ಆ ಕೂಸಿಗಿ ಸರಿ ಉತ್ರ ಕೊಡಬೇಕಂದ್ರ ನಾನೇ ಹೋಗಿ ನೋಡಬೇಕು ಅನಿಸ್ತು, ಅಪ್ಪನ್ನೂ ಕರ್ಕೊಂಡು ಹೋಗಬೇಕು ಅನಿಸ್ತು. ಅಣ್ಣನ ಮಗ ಬಸು, ಒಂಬತ್ತು ವರ್ಷದವ, ಮುತ್ಯಾ ಹೋದ್ರ ನಾನೂ ಬರಾವ್ನೇ ಅಂತ ಅತ್ತು ಗಂಟುಬಿದ್ದ. ಅವ್ವಗ ಮೊಣಕಾಲ ನೋವು, ಬಸ್ಸಿನಾಗ ಅಷ್ಟೊತ್ತು ಕೂಡ್ಲಾಕ ಆಗಂಗಿಲ್ಲ, ಆಕಿ ಬರಲಿಲ್ಲ.

ಹೋಗಿದ್ದು ಎಳ್ಳ ಅಮಾಸಿ ಮುಗಿಸಿ. ನಮ್ ಕಡಿ ಎಳ್ಳ ಅಮಾಸಿ ಅಂದ್ರ ಗೊತ್ತಲ್ಲ, ಮನಿಮಂದಿ ಎಲ್ಲಾ ಹೊಲದಾಗ, ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ, ಚರಗ ಚೆಲ್ಲೋದು. ಅದನ್ನ ಬಿಟ್ಟು ಯಾರೂ ಊರು ಬಿಡಂಗಿಲ್ಲ. ಆದ್ರ ತಾರೀಕು ಆರಿಸಲಾಕ ಇನ್ನೊಂದು ಕಾರಣನೂ ಇತ್ತು. ಅಮಾಸಿ ಹುಣ್ಣಿಮಿ ಆಗಿ ಎರಡು ಮೂರು ದಿನ ಸಮುದ್ರ ಭಾಳ ಮ್ಯಾಲ ಏರ್ತದ, ಭಾಳ ಕೆಳಗ ಇಳೀತದ, ಸೂರ್ಯ ಚಂದ್ರ ಎರಡೂ ಒಂದೇ ಗೆರಿಮ್ಯಾಲ ನಿಂತು ಎಳೀತಾವ ಅದಕ್ಕ. ಉಸುಕಿನ ಜೀವ ನೋಡಬೇಕಂದ್ರ ಆ ಇಳಿತದ ಹೊತ್ತಿನಾಗೇ ಹೋಗಬೇಕು, ಉಳಿದ ಹೊತ್ತಿನಾಗ ಅರ್ಧ ಮಂದಿ ನೀರಿನ ಬುಡಕ್ಕೇ ಇರ್ತಾರ. ನೀವು ಹೋಗೋದಿದ್ರೂ ಮೊಬೈಲಿನಾಗ ಆ ಊರಿನ ಭರತ ಇಳಿತದ ಟೈಮ್ ನೋಡ್ಕೊಂಡೇ ಹೋಗ್ರಿ, ಅದು ದಿನಾ ಸುಮಾರು 50 ನಿಮಿಷ ತಡ ಆಗ್ತಾ ಹೋಗ್ತದ.

ಅವ್ವ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಉಳಿದ ಸಜ್ಜಿ ರೊಟ್ಟಿ ಎಲ್ಲಾ ಗಂಟು ಕಟ್ಟಿ ಕೊಟ್ಳು. ಆಕಿಗಿ ಹೇಳದೆ ನಾ ಅಡಗಿಮನಿಯಿಂದ ಹಿಟ್ಟಿನ ಸಾಣಿಗಿ ತಕ್ಕೊಂಡು ಬ್ಯಾಗಿನ ತಳಕ್ಕ ಇಟ್ಟಿದ್ದೆ. ಉಸುಕಿನ ಜೀವಿ ಎಣಿಸೋ ವಿಜ್ಞಾನಿಗಳು 1 ಮಿಲಿಮೀಟರ್ ತೂತಿನ ಜರಡಿ ಬಳಸ್ತಾರಂತ ಓದಿದ್ದೆ, ನಮ್ಮ ಸಾಣಿಗಿ ಹತ್ರ ಹತ್ರ ಅಷ್ಟೇ ಇತ್ತು.

ಮೊದಲ್ನೇ ದಿನ

ರಾತ್ರಿ ಬಸ್ಸು, ವಿಜಯಪುರ ಯಾವಾಗ ದಾಟ್ತು ಗೊತ್ತಿಲ್ಲ, ಹುಬ್ಬಳ್ಳಿಯಾಗ ನಸುಕಿನಾಗ ಇಳಿದು ಚಹಾ ಕುಡಿದು ಅಂಕೋಲಾ ಬಸ್ ಹತ್ತಿದ್ವಿ. ಯಲ್ಲಾಪುರ ದಾಟಿದ ಮ್ಯಾಲ ಅರಬೈಲ್ ಘಾಟು. ಎರಡೂ ಕಡಿ ಕಾಡು ಎಷ್ಟು ದಟ್ಟ ಅಂದ್ರ ಅಪ್ಪ ಕಿಟಕಿ ಬಿಟ್ಟು ಈಚೆ ಮುಖ ತಿರುಗಿಸಲಿಲ್ಲ. ತೊಗರಿ ಹೊಲ ನೋಡಿದ ಕಣ್ಣು ನಮ್ಮವು, ದಿಗಂತದ ತನಕ ಬಯಲು, ಇಲ್ಲಿ ನಾಕು ಮಾರು ಮುಂದ ಏನದ ಅಂತ ಕಾಣಂಗಿಲ್ಲ. ಬಸು ಎರಡು ಸಲ ವಾಂತಿ ಮಾಡ್ಕೊಂಡ. ಹಿಂದಿನ ಸೀಟಿನ ಹೆಣ್ಮಗಳು ಒಂದು ಲಿಂಬಿಕಾಯಿ ಕೊಟ್ಟು ಮೂಸಿಸು ಅಂದ್ಳು, ನಿಂತೇಹೋಯ್ತು. ಘಾಟಿನಾಗ ಸಣ್ಣ ಮಕ್ಳು ಇದ್ರ ಮುಂಜಾನಿ ಹೊಟ್ಟಿತುಂಬ ತಿನಿಸಬ್ಯಾಡ್ರಿ.

ಗೋಕರ್ಣಕ್ಕ ಮಧ್ಯಾಹ್ನ ಮುಟ್ಟಿದ್ವಿ. ಊರಾಗ ಎಳ್ಳ ಅಮಾಸಿ ಚಳಿ, ಇಲ್ಲಿ ಜನವರಿಯಾಗೂ ಬೆವರು ಇಳೀಲಾಕತ್ತಿತ್ತು. ದೇವಸ್ಥಾನದ ಹಿಂದ ಮಹಾಬಲೇಶ್ವರನ ದರ್ಶನಕ್ಕ ಬಂದವ್ರು ಉಳಕೊಳ್ಳೋ ಮನಿ ಒಂದ್ರಾಗ ರೂಮ್ ಸಿಕ್ತು, ಓಂ ಬೀಚ್ ಕಡಿ ಕೇಳಿದ್ರ ಮೂರು ಪಟ್ಟು ಹೇಳ್ತಾರ.

ಸಂಜಿಗಿ ಊರ ಮುಂದಿನ ದೊಡ್ಡ ಬೀಚಿಗಿ ಹೋದ್ವಿ. ಅಪ್ಪ ಸಮುದ್ರ ನೋಡಿ ಏನಂತಾನ ಅಂತ ನಾ ಅವನ ಮುಖಾನೇ ನೋಡ್ಲಾಕತ್ತಿದ್ದೆ. ಅವ ನೀರು ನೋಡಿದ್ದು ಒಂದು ಗಳಿಗಿ. ಆಮ್ಯಾಲ ಬಗ್ಗಿ ಒಂದು ಮುಷ್ಟಿ ಉಸುಕು ತಕ್ಕೊಂಡ, ಹಿಚುಕಿದ, ಬಿಟ್ಟ, ನಾಲಿಗಿಗಿ ಹಚ್ಚಿಕೊಂಡ. "ಉಪ್ಪು. ಇದರಾಗ ಸ್ಲ್ಯಾಬ್ ಹಾಕಿದ್ರ ಕಬ್ಬಿಣ ತಿಂದುಹಾಕ್ತದ" ಅಂದ. ಆಮ್ಯಾಲ ಅಲ್ಲೇ ಕುಂತ, ಹೊತ್ತು ಮುಣುಗೋ ತನಕ ಮಾತಾಡಲಿಲ್ಲ.

ಕತ್ತಲಾದ ಮ್ಯಾಲ ಊಟ ಮುಗಿಸಿ ಟಾರ್ಚ್ ಹಿಡ್ಕೊಂಡು ವಾಪಸ್ ಬಂದ್ವಿ. ಅಂಗಡಿ ಸಾಲು ದಾಟಿ ಉತ್ತರದ ಕಡಿ ನಡದ್ರ ದೀಪ ಇಲ್ಲ, ಜನ ಇಲ್ಲ. ಬಸು ಟಾರ್ಚ್ ಹಾಕಿದ ಕೂಡ್ಲೇ ಉಸುಕೇ ಎದ್ದು ಓಡಿದಂಗಾಯ್ತು. ಹತ್ತು ಹದಿನೈದು ಏಡಿ, ಉಸುಕಿನ ಬಣ್ಣದ್ದೇ ಮೈ, ಅಡ್ಡ ಅಡ್ಡ ಓಡ್ತಾವ, ಓಡಿದ್ದು ಕಾಲು ಕಾಣಂಗಿಲ್ಲ, ನೆರಳು ಒಂದೇ ಕಾಣ್ತದ. ಓಸಿಪೋಡ್ ಅಂತ ಇದರ ಕುಲದ ಹೆಸರು, ಇಂಗ್ಲಿಷಿನಾಗ ಘೋಸ್ಟ್ ಕ್ರ್ಯಾಬ್ ಅಂತಾರ, ಈಗ ಕಂಡು ಈಗ ಮಾಯ ಆಗ್ತದ ಅದಕ್ಕ. ಒಂದು ದೊಡ್ಡದು ಬಿಲದ ಬಾಯಿಗಿ ಬಂದು ನಿಂತ್ಕೊಂಡಿತ್ತು, ಕಣ್ಣು ಎರಡೂ ಕಡ್ಡಿ ಮ್ಯಾಲ ಇಟ್ಟಂಗ ಮ್ಯಾಲ ನಿಂತಿದ್ವು. ಕೆಲವು ಜಾತಿಯಾಗ ಆ ಕಣ್ಣಿನ ಮ್ಯಾಲ ಮತ್ತ ಸಣ್ಣ ಕೋಡು ಇರ್ತದ.

ಬಸು ಬಿಲ ತೋಡ್ತೀನಿ ಅಂದ, ಬ್ಯಾಡ ಅಂದೆ. ಒಂದೊಂದು ಬಿಲ ಸುಮಾರು ಒಂದು ಮೀಟರ್ ಆಳ ಹೋಗ್ತದ, ಕೆಳಗ ತಂಪು, ಪಸಿ. ಅದಕ್ಕ ಮೀನಿನಂಗೇ ಕಿವಿರು ಇರ್ತಾವ, ಗಾಳಿಯಾಗ ಬದುಕಿದ್ರೂ ಕಿವಿರು ಒಣಗಿದ್ರ ಸತ್ತು ಹೋಗ್ತದ. ಅದಕ್ಕ ಕಾಲಿನ ಬುಡದಾಗ ಕೂದಲಿನ ಗೊಂಚಲು ಅದ, ಪಸಿ ಉಸುಕಿನ ಮ್ಯಾಲ ಕುಂತ್ರ ಆ ಕೂದಲು ಬತ್ತಿ ಎಣ್ಣಿ ಏರಿಸಿದಂಗ ನೀರು ಏರಿಸಿ ಕಿವಿರಿಗಿ ಮುಟ್ಟಿಸ್ತದ. ಇದನ್ನ ಹೇಳಿದಾಗ ಅಪ್ಪ "ಗೋಡಿಗಿ ಪಸಿ ಏರಿದಂಗ" ಅಂದ. ನಾಳೆ ಕ್ಲಾಸಿನಾಗ ಹೆಂಗ ಹೇಳಬೇಕು ಅಂತ ನಾ ತಿಳ್ಕೊಂಡಿದ್ದು ಅಲ್ಲೇ.

ಎರಡ್ನೇ ದಿನ

ಆರು ಗಂಟಿಗೇ ಎಬ್ಬಿಸಿಕೊಂಡು ಹೋದೆ. ಏಳರ ಸುಮಾರಿಗಿ ನೀರು ಭಾಳ ಹಿಂದ ಸರಿದಿತ್ತು, ಗೋಕರ್ಣದ ದೊಡ್ಡ ಬೀಚು ಸಮತಟ್ಟು, ಒದ್ದಿ ಉಸುಕು ಕನ್ನಡಿ ಹಂಗ ಹೊಳೀತಿತ್ತು. ಇನ್ನ ಬಿಸಲು ಬಿದ್ದಿದ್ದಿಲ್ಲ. ನೋಡ್ತಾ ನೋಡ್ತಾ ನೆಲದ ಮ್ಯಾಲ ಚುಕ್ಕಿ ಏಳ್ಲಾಕ ಶುರು. ಕಡ್ಲಿ ಕಾಳಿನಷ್ಟು ಏಡಿ, ಸಾವಿರಾರು. ಒಂದೊಂದೂ ತನ್ನ ತೂತಿನಿಂದ ಹೊರಗ ಬರ್ತದ, ಎರಡು ಕೈಲಿ ಉಸುಕು ಎತ್ತಿ ಬಾಯಿಗಿ ಒಯ್ತದ, ಅದಕ್ಕ ಅಂಟಿದ ಪಾಚಿ, ಕೊಳತ ಅಂಶ ಎಲ್ಲಾ ಬಾಯಾಗೇ ತೊಳ್ಕೊಂಡು ತಿಂದು, ಉಳಿದ ಉಸುಕನ್ನ ಸಣ್ಣ ಉಂಡಿ ಮಾಡಿ ಹಿಂದ ಒತ್ತಿಬಿಡ್ತದ. ಅರ್ಧ ತಾಸಿನಾಗ ಪ್ರತಿ ತೂತಿನ ಸುತ್ತ ಸಾಸಿವಿಗಿಂತ ಸ್ವಲ್ಪ ದೊಡ್ಡ ಉಂಡಿ, ಗೆರಿ ಗೆರಿ, ಸೂರ್ಯನ ಕಿರಣ ಬಿಡಿಸಿದಂಗ. ನಡುವ ಒಂದು ದಾರಿ ಮಾತ್ರ ಖಾಲಿ ಬಿಟ್ಟಿರ್ತದ, ಹಕ್ಕಿ ಬಂದ್ರ ಸೀದಾ ಓಡಿ ತೂತಿಗಿ ಹೋಗ್ಲಾಕ.

ಅಪ್ಪ ಮಂಡಿ ಊರಿ ಕುಂತುಬಿಟ್ಟ. "ಯವ್ವಾ, ನೋಡಿಲ್ಲಿ, ನಾವು ಲೋಡ್‌ಗಟ್ಲೆ ಸೋಸೋದು, ಇವು ಒಂದೊಂದು ಕಾಳ ಸೋಸ್ತಾವಲ್ಲ" ಅಂದ. ಭಾಳ ಹೊತ್ತು ಅಲ್ಲೇ ಇದ್ವಿ. ಹಂಗ ನೋಡ್ಲಾಕ ಒಂದು ಉಪಾಯ ಅದ, ನಿಂತು ನೋಡಿದ್ರ ಎಲ್ಲಾ ಒಳಗ ಹೋಗ್ತಾವ, ಅಲ್ಲಾಡದೆ ಕುಂತ್ರ ಐದು ನಿಮಿಷಕ್ಕ ಮತ್ತ ಬರ್ತಾವ. ಆ ಸುಖದಾಗ ಚಪ್ಪಲಿ ಎಲ್ಲಿ ಬಿಟ್ಟೀವಿ ಅಂತ ಯಾರೂ ನೋಡ್ಲಿಲ್ಲ. ನೀರು ಮ್ಯಾಲ ಬರ್ಲಾಕ ಶುರು ಆಗಿತ್ತು, ಅಪ್ಪನ ಒಂದು ಚಪ್ಪಲಿ ಅಲಿ ಒಯ್ದಿತ್ತು. ಸಮುದ್ರ ವಾಪಸ್ ಬರೋವಾಗ ಸದ್ದು ಮಾಡಂಗಿಲ್ಲ, ಸಾಮಾನು ಯಾವಾಗ್ಲೂ ಅಲಿ ತಂದು ಬಿಟ್ಟ ಕಸದ ಗೆರಿಗಿಂತ ಮ್ಯಾಲ ಇಡ್ರಿ.

ಅಲಿ ಬಂದು ಸರಿಯೋ ಜಾಗದಾಗ ಬಸು ಒಂದು ಹಿಡ್ಕೊಂಡ. ಬೆರಳಿನ ಮೊದಲ ಗಿಣ್ಣಿನಷ್ಟು, ಮೊಟ್ಟಿ ಹಂಗ ಉದ್ದ ಗುಂಡ, ಕೈಯಾಗ ಇಟ್ಟ ಕೂಡ್ಲೇ ಬೆರಳ ಸಂದಿಯಾಗ ಹಿಂದ ಹಿಂದ ತೋಡ್ಲಾಕತ್ತು. ಎಮೆರಿಟಾ ಇದು, ಏಡಿ ಕುಲದ್ದೇ ಆದ್ರ ಕೊಂಡಿ ಇಲ್ಲ, ಕಡೀಲಾಕ ಬರಂಗಿಲ್ಲ. ಅಲಿ ಹಿಂದ ಸರಿಯೋವಾಗ ಸಮುದ್ರದ ಕಡಿ ಮುಖ ಮಾಡಿ ಮುಳುಗಿ ಕುಂತು, ಹಕ್ಕಿ ಪುಕ್ಕದಂಥ ಎರಡು ಮೀಸಿ ಹೊರಗ ಚಾಚ್ತದ, ಹರಿಯೋ ನೀರಾಗಿನ ಸಣ್ಣ ಸಣ್ಣ ಆಹಾರ ಆ ಮೀಸಿಗಿ ಸಿಗ್ತದ. ನೀರು ಏರಿದಂಗ ತಾನೂ ಮ್ಯಾಲ ಬರ್ತದ, ಇಳದಂಗ ಇಳೀತದ, ಜೀವಮಾನ ಪೂರಾ ಆ ಅಲಿ ಒಡಿಯೋ ಪಟ್ಟಿಯಾಗೇ. ಬಸು ಹಿಡದದ್ದು ಹೆಣ್ಣು, ಹೊಟ್ಟಿ ಬುಡಕ್ಕ ಕಿತ್ತಳಿ ಬಣ್ಣದ ತತ್ತಿ ಇದ್ವು, ಗಂಡು ಇದಕ್ಕಿಂತ ಭಾಳ ಸಣ್ಣದಿರ್ತದ. ತತ್ತಿ ಅದಾವ ಬಿಡಪ್ಪ ಅಂದಾಗ ಬಸು ಎರಡೂ ಕೈಲಿ ನೀರಾಗ ಇಟ್ಟ. ಒಂದು ಕಣ್ಣ ರೆಪ್ಪಿ ಹೊಡಿಯೋದ್ರಾಗ ಮಾಯ.

ಮಧ್ಯಾಹ್ನ ಅಪ್ಪಗ ಹೊಸ ಚಪ್ಪಲಿ ಕೊಡಿಸಿ ಊಟ ಮಾಡಿದ್ವಿ. ಬಂಗಡೆ ಸಾರು, ಕುಚಲಕ್ಕಿ ಬಾನ, ಮುರುಗಲ ಹಣ್ಣಿನ ಕಡಿ. ಅಪ್ಪ ಮೀನು ತಿನ್ನಂಗಿಲ್ಲ, ಬ್ಯಾಗಿನಿಂದ ಕಡಕ್ ರೊಟ್ಟಿ ತೆಗೆದು ಮುರುಗಲ ಕಡಿಯಾಗ ಮುರಕೊಂಡು ತಿಂದ, ಹೋಟೆಲ್ ಅಣ್ಣ ಒಂದು ತುಂಡು ಕೇಳಿ ಇಸ್ಕೊಂಡು ಶೇಂಗಾ ಹಿಂಡಿ ಹಚ್ಚಿ ತಿಂದ, "ಖಾರ ಬಾಳ ಆಯ್ತಲ್ರಾ" ಅಂತ ನೀರು ಕುಡಿದು ಮತ್ತೊಂದು ತುಂಡು ತಕ್ಕೊಂಡ.

ಮೂರ್ನೇ ದಿನ

ತದಡಿಯಿಂದ ದೋಣಿಯಾಗ ಅಘನಾಶಿನಿ ಊರಿಗಿ. ನದಿ ಸಮುದ್ರ ಸೇರೋ ಜಾಗ ಇದು, ಸಿಹಿ ಉಪ್ಪು ಕೂಡಿದ ನೀರು, ಈ ಅಳಿವೆಗಿ 2024ರಾಗ ರಾಮ್ಸರ್ ತಾಣ, ಅಂದ್ರ ಜಗತ್ತಿನ ಮಟ್ಟದಾಗ ಮಹತ್ವದ ಜೌಗು ಜಾಗ, ಅಂತ ಮಾನ್ಯತೆ ಸಿಕ್ಕದ. ನಾವು ಹೋದಾಗ ಇಳಿತ, ಎದಿಮಟ್ಟ ನೀರಾಗ ನಿಂತು ಹೆಣ್ಮಕ್ಕಳು ಬಳಚು ಆರಿಸ್ಲಾಕತ್ತಿದ್ರು. ಬಳಚು ಅಂದ್ರ ಎರಡು ಚಿಪ್ಪಿನ ಜೀವ, ನಮ್ ಕಡಿ ಸಿಂಪಿ ಅಂತೀವಲ್ಲ ಆ ಜಾತಿ. ದಂಡಿಗಿ ಬಂದ ಒಬ್ಬ ಹಿರಿ ಹೆಣ್ಮಗಳಿಗಿ ಅಪ್ಪ ನಮಸ್ಕಾರ ಮಾಡಿ ಕೇಳ್ದ, ಕೆಳಗ ಕಾಣಂಗಿಲ್ಲ ಹೆಂಗ ಸಿಗ್ತಾವವ್ವಾ ಅಂತ.

"ಕಾಲಿಗೇ ಗೊತ್ತಾಗ್ತದ್ರಾ. ಹೊಯ್ಗೆ ಬೇರೆ ಮುಟ್ತದೆ, ಬಳಚು ಬೇರೆ ಮುಟ್ತದೆ. ನೀವು ಎಲ್ಲಾಯ್ತು?"

"ಕಲಬುರಗಿ ಕಡಿಯವ್ರು ನಾವು. ನಮ್ ಕಡಿ ಇದಕ್ಕ ಉಸುಕು ಅಂತೀವಿ."

"ಉಸುಕು" ಅಂತ ಆಕಿ ಒಂದು ಸಲ ಅಂದು ನೋಡಿದ್ಳು. ಆಮ್ಯಾಲ ಬುಟ್ಟಿಯಾಗಿನ ಸಣ್ಣ ಬಳಚೆಲ್ಲಾ ಆರಿಸಿ ಮತ್ತ ನೀರಿಗಿ ಒಗದ್ಳು, ದೊಡ್ಡಾಗ್ಲಿ ಅಂತ. ಅಪ್ಪ ತನ್ನ ಕೈ ತೋರಿಸಿದ, ಸಿಮೆಂಟ್ ತಿಂದ ಬೆರಳು, ಆಕಿ ತನ್ನ ಕಾಲು ತೋರಿಸಿದ್ಳು, ಚಿಪ್ಪು ಕೊಯ್ದ ಗೆರಿ. ಇಬ್ರೂ ನಕ್ಕರು. ಆಕಿ ಊರಿನ ಗಜನಿ ಭೂಮಿಯಾಗ, ಅಂದ್ರ ಅಳಿವೆ ದಂಡಿಯ ತಗ್ಗು ಹೊಲದಾಗ, ಉಪ್ಪು ನೀರು ತಡೆಯೋ ಕಗ್ಗ ಭತ್ತ ಬೆಳೀತಾರಂತ, ನಮ್ಮ ಬಿಳಿಜೋಳಕ್ಕ ಎರೆಮಣ್ಣಿನ ಪಸಿ ಸಾಕು ಅಂತ ಅಪ್ಪ, ಹಿಂಗ ಮಾತು ಹೊಲದ ಕಡಿ ಹೋಗಿ ಅರ್ಧ ತಾಸು ಆಯ್ತು.

ಸಂಜಿಮುಂದ ಕುಮಟಾ ಕಡಿ ಒಂದು ಬೀಚಿನಾಗ ಕೈರಂಪಣಿ, ಅಂದ್ರ ದಂಡಿ ಮ್ಯಾಲ ನಿಂತು ಹಗ್ಗ ಹಿಡಿದು ಎಳೆಯೋ ಬಲಿ, ಎಳೆಯೋದು ನೋಡಿದ್ವಿ. ದೊಡ್ಡ ರಂಪಣಿ ಬಲಿ ಈಗ ಇಲ್ಲ, 1970ರ ದಶಕದಾಗ ಮೀನಿನ ಹಿಂಡನ್ನೇ ಬಲಿಯಿಂದ ಸುತ್ತುಗಟ್ಟಿ ಹಿಡಿಯೋ ಯಂತ್ರದ ಪರ್ಸೀನ್ ಬೋಟು ಬಂದ ಮ್ಯಾಲ ಹೋಯ್ತು, ಇದು ಅದರ ಸಣ್ಣ ರೂಪ. ಹಗ್ಗ ಎಳೆಯೋರ ಸಾಲಿನಾಗ ಅಪ್ಪನೂ ಹೋಗಿ ನಿಂತ. ಬಲಿ ದಂಡಿಗಿ ಬಂದಾಗ ತಾರ್ಲೆ, ಶೆಟ್ಲಿ, ಎರಡು ನಕ್ಷತ್ರ ಮೀನು, ಒಂದು ಬಸವನಹುಳ. ಆ ಹುಳದ ಚಿಪ್ಪು ನುಣ್ಣಗ ಚಂದ್ರನಂಗ ದುಂಡಗ, ಒಳಗಿನ ಪಾದ ಬಿಚ್ಚಿದ್ರ ಚಿಪ್ಪೇ ಮುಚ್ಚಿಹೋಗ್ತದ. ಬೀಚಿನಾಗ ಆರಿಸಿದ ಚಿಪ್ಪಿನಾಗ ಡ್ರಿಲ್ ಹೊಡದಂಗ ದುಂಡನ್ನ ತೂತು ನೋಡೀರಿ ಅಲ್ಲ? ಹುಡುಗ್ಯಾರು ಅದಕ್ಕೇ ದಾರ ಪೋಣಿಸಿ ಸರ ಮಾಡ್ತಾರ. ಅದು ಈ ಹುಳ ಮಾಡಿದ್ದು. ಉಸುಕಿನ ಒಳಗೇ ಹುಡುಕ್ಯಾಡಿ ಸಿಂಪಿ ಹಿಡಿದು, ಆಮ್ಲ ಬಿಟ್ಟು ಮೆತ್ತಗ ಮಾಡಿ, ನಾಲಿಗಿಯಾಗಿನ ಅರದಿಂದ ಉಜ್ಜಿ ಉಜ್ಜಿ ತೂತು ಕೊರೆದು ಒಳಗಿನ ಮಾಂಸ ತಿಂತದ. ಬಸುನ ಕಿಸೆಯಾಗ ಅಂಥ ತೂತಿನ ಚಿಪ್ಪು ಹನ್ನೊಂದು ಇದ್ವು, ಕೇಳಿದ ಮ್ಯಾಲ ಒಂದೊಂದೇ ತೆಗೆದು ಮತ್ತ ನೋಡಿದ.

ನಾಕನೇ ದಿನ

ಕಾರವಾರ. ಕೋಡಿಬಾಗದಾಗ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಅದ, ನಮ್ಮ ರಾಜ್ಯದಾಗ ಈ ಕಡಲ ಜೀವಿ ಬಗ್ಗೆ ಕಲಿಯೋ ಹುಡುಗ್ರು ಇಲ್ಲಿಗಿ ಬರ್ತಾರ. ಒಳಗ ಹೋಗೋ ಧೈರ್ಯ ಆಗ್ಲಿಲ್ಲ, ಗೇಟಿನ ಮುಂದ ನಿಂತು ನೋಡಿದೆ, ನಮ್ಮ ಶಾಲಿಯ ಯಾರಾದ್ರೂ ಒಬ್ರು ಇಲ್ಲಿ ಓದಬೇಕು ಅನಿಸ್ತು.

ಬೀಚಿನಾಗ ಸಾಣಿಗಿ ಹೊರಗ ತೆಗದೆ. ಬಸು ಅಗಿಯೋವ, ಅಪ್ಪ ಸೋಸೋವ, ನಾ ಬರಕೊಳ್ಳೋಕಿ. ಮ್ಯಾಲಿನ ಒಣ ಉಸುಕಿನಿಂದ ನೀರಿನ ತನಕ ಐದು ಕಡಿ, ಒಂದೊಂದು ಗೇಣು ಅಗದು ಸಮುದ್ರದ ನೀರಾಗೇ ಸೋಸಿದ್ವಿ. ಅಪ್ಪ ಸಾಣಿಗಿ ಆಡಿಸೋದು ನೋಡಬೇಕಿತ್ತು, ನಲವತ್ತು ವರ್ಷದ ಕೈ ಅದು, ಒಂದು ಹುಳಕ್ಕ ಪೆಟ್ಟಾಗಲಿಲ್ಲ.

ಮ್ಯಾಲ ಒಣ ಉಸುಕಿನಾಗ ಹೆಚ್ಚೇನೂ ಸಿಗ್ಲಿಲ್ಲ, ಅದು ಓಸಿಪೋಡ್ ಏಡಿ ರಾಜ್ಯ. 1952ರಾಗ ಎರಿಕ್ ಡಾಲ್ ಅನ್ನೋ ವಿಜ್ಞಾನಿ ಜಗತ್ತಿನ ಉಸುಕಿನ ತೀರ ಹೋಲಿಸಿ ನೋಡಿದಾಗ, ಚಳಿ ದೇಶದಾಗ ಈ ಮ್ಯಾಲಿನ ಪಟ್ಟಿಯಾಗ ಜಿಗಿಯೋ ಸಣ್ಣ ಸಿಗಡಿಯಂಥ ಹುಳ ಇರ್ತಾವ, ನಮ್ಮಂಥ ಬಿಸಿ ನಾಡಿನಾಗ ಅದೇ ಜಾಗ ಏಡಿ ಹಿಡ್ಕೊಂಡಿರ್ತಾವ ಅಂತ ಬರದಾನ. ಸ್ವಲ್ಪ ಕೆಳಗ ಬಂದ್ರ ಅಕ್ಕಿಕಾಳಿನಷ್ಟು ಬೂದು ಹುಳ, ಐಸೋಪಾಡ್, ನೀರಾಗ ನಿಂತಾಗ ಕಾಲಿಗಿ ಚುಟು ಚುಟು ಅಂತಿದ್ದದ್ದು ಇದೇ. ಇನ್ನೂ ಕೆಳಗ ಡೋನಾಕ್ಸ್ ಅನ್ನೋ ಸಿಂಪಿ, ಉಗುರಿನಷ್ಟು, ಬಿಳಿದು, ಹಳದಿದು, ನೇರಳಿ ಗೆರಿದು. ಬಿಟ್ಟ ಕೂಡ್ಲೇ ನಾಲಿಗಿಯಂಥ ಪಾದ ಹೊರಗ ಹಾಕಿ, ಎರಡು ಮೂರು ಸಲ ಎಗರಿ ಒಳಗ. ಅಲಿ ಬರೋವಾಗ ಮತ್ತ ಮ್ಯಾಲ ಎದ್ದು ಅಲಿ ಮ್ಯಾಲೇ ಸವಾರಿ ಮಾಡಿ ಜಾಗ ಬದಲಿಸ್ತದ. ಅದರ ಜೊತಿ ಅಂಗಿ ಗುಂಡಿ ಹಂಗ ಚಪ್ಪಟಿ ಹೊಳೆಯೋ ಶಂಖ, ಉಂಬೋನಿಯಮ್, ಒಂದು ಬೊಗಸಿಯಾಗ ಮೂವತ್ತಿದ್ರ ಮೂವತ್ತಕ್ಕೂ ಬೇರೆ ಬೇರೆ ನಕ್ಷಿ. ಕಟ್ಟಕಡಿಗಿ ನೀರಿನ ಅಂಚಿನಾಗ ಒಂದು ಕೊಳವಿ ನಿಂತಿತ್ತು, ಚಿಪ್ಪಿನ ಚೂರು, ಕಡ್ಡಿ ಎಲ್ಲಾ ಹೊರಗ ಅಂಟಿಸಿಕೊಂಡು, ಡಯೋಪಾಟ್ರಾ ಅನ್ನೋ ಹುಳದ ಮನಿ. ಅಪ್ಪ ಅದನ್ನ ಮುಟ್ಟಲಿಲ್ಲ, ಸುತ್ತ ತಿರುಗಿ ನೋಡಿದ. "ಕಟ್ಟಿದವ ಒಳಗದಾನ?" ಅಂದ. ಹೌದಪ್ಪ, ಒಳಗೇ ಅದಾನ ಅಂದೆ.

ಒಂದು ಕಡಿ ಬಸು ಆಳ ಅಗದಾಗ ಉಸುಕು ಕರ್ರಗ ಬಂತು, ಕೊಳತ ತತ್ತಿ ವಾಸನಿ. ಹೊಲಸು ನೀರು ಬಿಟ್ಟಾರ ಅಂದ್ಕೊಂಡ. ಹಂಗಲ್ಲ, ಉಸುಕು ಸಣ್ಣ ಇದ್ದಲ್ಲಿ ಕೆಳಗ ಆಮ್ಲಜನಕ ಹೋಗಂಗಿಲ್ಲ, ಅಲ್ಲಿ ಗಂಧಕದ ಬ್ಯಾಕ್ಟೀರಿಯಾ ಬದುಕ್ತಾವ, ಅವು ಬಿಡೋ ಗಂಧಕದ ಅನಿಲದ ವಾಸನಿ ಅದು, ಅದೇ ಉಸುಕಿನಾಗಿನ ಕಬ್ಬಿಣದ ಜೊತಿ ಕೂಡಿ ಕರ್ರಗಾಗ್ತದ. ಉಸುಕಿನ ಕಾಳಿನ ಮ್ಯಾಲೇ ಎಲ್ಲಾ ನಿಂತದ. ದಪ್ಪ ಉಸುಕಿನ ಇಳಿಜಾರು ಬೀಚಿನಾಗ ಅಲಿ ಧಪ್ ಅಂತ ಬಿದ್ದು ನೀರು ಬ್ಯಾಗ ಬಸಿದು ಹೋಗ್ತದ, ಅಲ್ಲಿ ಜಾತಿ ಕಡಿಮಿ, ಸಣ್ಣ ಉಸುಕಿನ ಸಪಾಟ ಬೀಚಿನಾಗ ಭಾಳ ಜಾತಿ. ಅಪ್ಪ ಇದನ್ನ ನಾ ಹೇಳೋಕ್ಕಿಂತ ಮೊದಲೇ ಕೈಯಾಗ ಹಿಡಿದು ಹೇಳಿದ್ದ, ಬಂಡಿಗಲ್ಲಿನ ಹತ್ರದ್ದು ಸ್ಲ್ಯಾಬಿನ ಉಸುಕು, ನಡುವಿಂದು ಗಿಲಾವಿಂದು, ಗಿಲಾವಿನ ಉಸುಕಿನಾಗೇ ಹುಳ ಹೆಚ್ಚವ ಅಂತ.

ಸಾಣಿಗಿಯಿಂದ ಕೆಳಗ ಹೋದದ್ದು ಏನು ಅಂತ ಬಸು ಕೇಳ್ದ. ಅದಕ್ಕೇ ನಾ ಶಾಲಿಯಿಂದ ಫೋಲ್ಡ್‌ಸ್ಕೋಪ್ ತಂದಿದ್ದೆ, ಸ್ಟ್ಯಾನ್‌ಫರ್ಡ್‌ನಾಗ ಮನು ಪ್ರಕಾಶ್ ಮಾಡಿದ ಕಾಗದದ ಮೈಕ್ರೋಸ್ಕೋಪ್, ಸುಮಾರು 140 ಪಟ್ಟು ದೊಡ್ಡದು ಮಾಡಿ ತೋರಿಸ್ತದ. ಅಕ್ಕಿಯಾಗಿನ ಹಳ್ಳು ತೆಗಿಲಾಕ ನೀರಾಗ ಆಡಿಸಿ ಮ್ಯಾಲಿಂದು ಬೇರೆ ಪಾತ್ರಿಗಿ ಬಸೀತೀವಲ್ಲ, ಹಂಗೇ ಒಂದು ಮುಷ್ಟಿ ಒದ್ದಿ ಉಸುಕನ್ನ ಬಾಟಲಿ ಸಿಹಿನೀರಾಗ ಅಲ್ಲಾಡಿಸಿ ಮ್ಯಾಲಿನ ನೀರು ಬಸಿದ್ವಿ, ಸಿಹಿನೀರು ಬಡದ ಕೂಡ್ಲೇ ಉಸುಕಿನ ಕಾಳು ಗಟ್ಟಿ ಹಿಡಿದಿದ್ದ ಜೀವ ಕೈ ಬಿಡ್ತಾವ. ಒಂದು ಹನಿ ಇಟ್ಟು ನೋಡಿದೆ. ಮೊದಲು ಏನೂ ಇಲ್ಲ, ಗಾಜಿನ ಬಂಡಿಗಲ್ಲು ಹಂಗ ಉಸುಕಿನ ಕಾಳು. ಆಮ್ಯಾಲ ಒಂದು ಬಂಡಿ ಸಂದಿಯಿಂದ ದಾರದಂಥದ್ದು ಹೊಳ್ಳಿ ಹೊಳ್ಳಿ ಹೊರಗ ಬಂತು, ನೆಮಟೋಡ್ ಅನ್ನೋ ದುಂಡುಹುಳ. ಅದರ ಹಿಂದ ಒಂದು ಕೋಪಿಪಾಡ್, ಸಿಗಡಿ ಬಳಗದ ಸಣ್ಣ ಜೀವ, ಮೈಯೆಲ್ಲಾ ಗೆಣ್ಣು ಗೆಣ್ಣು, ತಟಕ್ ಅಂತ ಜಿಗೀತಿತ್ತು. ನನ್ನ ಕೈ ನಡುಗಿ ಎರಡು ಸಲ ಜಾರಿಹೋಯ್ತು.

ಇವಕ್ಕ ಮಿಯೋಫೌನಾ ಅಂತಾರ, 1942ರಾಗ ಮಾಲಿ ಮೇರ್ ಅನ್ನೋ ಹೆಣ್ಮಗಳು ಇಟ್ಟ ಹೆಸರು. 1 ಮಿಲಿಮೀಟರ್ ಜರಡಿ ದಾಟಿ ಹೋಗೋವಷ್ಟು ಸಣ್ಣವು, ಉಸುಕಿನ ಕಾಳು ಕಾಳಿನ ನಡುವಿನ ಸಂದಿನೇ ಇವಕ್ಕ ಓಣಿ. ಪ್ರಾಣಿ ಲೋಕದಾಗ ದೊಡ್ಡ ವಿಭಾಗ (ಫೈಲಮ್) ಅಂತ ಇರೋದು ಮೂವತ್ತೈದರ ಆಸುಪಾಸು, ಅದರಾಗ ಇಪ್ಪತ್ತಕ್ಕೂ ಹೆಚ್ಚು ವಿಭಾಗದವ್ರು ಈ ಸಂದಿಯಾಗ ಸಿಗ್ತಾರ. ಕಾಡಿನಾಗೂ ಇಷ್ಟು ಬಗಿಬಗಿ ವಂಶ ಒಂದೇ ಕಡಿ ಸಿಗಂಗಿಲ್ಲ. ಲೊರಿಸಿಫೆರಾ ಅನ್ನೋ ಒಂದು ಇಡೀ ವಿಭಾಗ ಹಿಂಗೇ ಸಮುದ್ರದ ಉಸುಕಿನಾಗ ಸಿಕ್ಕು ಜಗತ್ತಿಗಿ ಗೊತ್ತಾಗಿದ್ದೇ 1983ರಾಗ, ಅದನ್ನ ಹಿಡದವ್ರೂ ಸಿಹಿನೀರಿನಾಗೇ ತೊಳದಿದ್ರು. ನಾ ಹುಟ್ಟೋ ಹೊತ್ತಿನ ಸುದ್ದಿ ಅದು. ಅಪ್ಪಗ ಫೋಲ್ಡ್‌ಸ್ಕೋಪ್ ಕಣ್ಣಿಗಿ ಹಿಡದೆ. ಭಾಳ ಹೊತ್ತು ನೋಡಿದ, ಕಣ್ಣು ತೆಗೆದು ಬಾಟಲಿಯಾಗ ಉಳಿದ ಉಸುಕನ್ನ ತಾನೇ ಒಯ್ದು ಸಮುದ್ರದ ಅಂಚಿಗಿ ಸುರುವಿ ಬಂದ. ಅಗದ ತೆಗ್ಗು ಎಲ್ಲಾ ಕೈಲೇ ಮುಚ್ಚಿದ.

ಅವತ್ತು ಸಂಜಿ ಬೀಚಿನಾಗ ಒಂದು ಜೀಪು ಬಂತು, ಹುಡುಗ್ರು ಒಳಗ ಕೂಗ್ಯಾಡ್ಕೊಂತ ನೀರಿನ ಅಂಚಿನಾಗ ಗಿರಕಿ ಹೊಡದ್ರು, ಉಸುಕಿನಾಗ ಗಾಲಿ ಗೇಣುದ್ದ ಇಳಿದಿತ್ತು. ನಾ ಹೋಗಿ ಹೇಳಿದೆ, ತಮ್ಮಾ ಕೆಳಗ ಜೀವ ಅವ ಅಂತ. ಒಬ್ಬ ಇಳಿದು ಬಂದು ಎಲ್ಲಿ ಮೇಡಂ ಅಂದ. ಸಾಣಿಗಿಯಾಗ ಒಂದು ಬೊಗಸಿ ಸೋಸಿ ತೋರಿಸಿದೆ. ಸಿಂಪಿ ಮುಟ್ಟಿ ನೋಡಿದ, ಗೆಳೆಯರನ್ನ ಕರದ, ಜೀಪು ಮ್ಯಾಲ ತಕ್ಕೊಂಡು ಹೋಗಿ ನಿಲ್ಸಿದ್ರು. ಗೊತ್ತಿದ್ದು ಮಾಡೋರು ಕಡಿಮಿ ಅಂತ ನನ್ನ ನಂಬಿಕಿ.

ಮಳಿಗಾಲದಾಗ ಈ ತೀರ ಅರ್ಧ ಕೊಚ್ಚಿಕೊಂಡು ಹೋಗ್ತದ, ನೀರು ಸಪ್ಪಾಗ್ತದ, ಜೀವ ಭಾಳ ಸಾಯ್ತಾವ, ಮಳಿ ನಿಂತ ಮ್ಯಾಲ ಮರಿಗಳು ಬಂದು ಮತ್ತ ತುಂಬಿಕೊಳ್ತಾವ. ಕೇರಳದ ಶೇರ್ತಲೆ ಕಡಿ ತೀರದಾಗ ಈ ಏರಿಳಿತ ವರ್ಷ ಪೂರಾ ನೋಡಿ 1972ರಾಗೇ ಬರದಿಟ್ಟಾರ. ಅದಕ್ಕ ಮಳಿ ಮುಗಿದು ಡಿಸೆಂಬರ್ ಮ್ಯಾಲ ಹೋದ್ರ ಛಲೋ.

ಐದು, ಆರನೇ ದಿನ

ವಾಪಸ್ ಬಸ್ಸಿನಾಗ ಸಾಣಿಗಿ ತೆಗೆದು ನೋಡಿದೆ, ಜಾಲಿ ಪೂರಾ ಕೆಂಪಾಗಿ ತುಕ್ಕು ಹಿಡಿದಿತ್ತು. ದಿನಾ ಸಿಹಿನೀರಾಗ ತೊಳೀಬೇಕಿತ್ತು. ಹುಬ್ಬಳ್ಳಿಯಾಗ ಬಸ್ ಕಾಯೋವಾಗ ಅಪ್ಪ ಹೋಗಿ ಸ್ಟೀಲಿಂದು ಹೊಸದು ತಂದ. ಅವ್ವ ಅದನ್ನ ಇಸ್ಕೊಂಡ್ಳು, ಹಳೇದೆಲ್ಲಿ ಅಂತ ಕೇಳಿದ್ಳು. ತೋರಿಸಿದ್ವಿ, ಕಥಿ ಎಲ್ಲಾ ಹೇಳಿದ್ವಿ, ರಾತ್ರಿ ಹನ್ನೊಂದಾಯ್ತು. ಮನಿಯಾಗ ಹಾಸಿದ್ದು ಶಹಾಬಾದ್ ಫರಸಿ. ಅದೂ ಒಂದು ಕಾಲದ ಸಮುದ್ರದ ತಳನೇ, ಏಡಿ ಸಿಂಪಿ ಯಾವ್ದೂ ಹುಟ್ಟೋಕ್ಕಿಂತ ಎಷ್ಟೋ ಮೊದಲು ನಮ್ ಈ ನೆಲದ ಮ್ಯಾಲ ನಿಂತಿದ್ದ ಆಳ ಇಲ್ಲದ ಸಮುದ್ರ ಬಿಟ್ಟುಹೋದ ಸುಣ್ಣದ ಕಲ್ಲು ಅದು ಅಂದಾಗ, ಅವ್ವ ಕುಂತಲ್ಲೇ ಅಂಗೈಲಿ ಫರಸಿ ಸವರಿದ್ಳು.

ಮರುದಿನ ಐತವಾರ, ಸನ್ನತಿಗಿ ಹೋದ್ವಿ, ಚಂದ್ರಲಾಂಬಾ ತಾಯಿಗಿ ಕಾಯಿ ಒಡಸಲಾಕ. ಅವ್ವನೂ ಬಂದಿದ್ಳು. ದರ್ಶನ ಮುಗಿಸಿ ಭೀಮಾ ದಂಡಿಗಿ ಇಳಿದ್ವಿ. ನಾ ಸಣ್ಣಾಕಿ ಇದ್ದಾಗ ಇಲ್ಲಿ ಉಸುಕು ಕಾಲು ಸುಡೋವಷ್ಟು ದೂರ ಇತ್ತು, ಈಗ ಅಲ್ಲಲ್ಲಿ ಒಂದು ತುಂಡು. ಎಷ್ಟೋ ಟ್ರ್ಯಾಕ್ಟರ್ ಅಪ್ಪನ ಕೆಲಸಕ್ಕೇ ಬಂದಾವ, ಅದನ್ನ ಅವನೇ ಅಂದ. ತುಕ್ಕು ಹಿಡದ ಸಾಣಿಗಿ ಚೀಲದಾಗ ತಂದಿದ್ದ, ನನಗ ಗೊತ್ತಿದ್ದಿಲ್ಲ. ಮೊಣಕಾಲ ನೀರಾಗ ನಿಂತು ಒಂದು ಬೊಗಸಿ ಉಸುಕು ಹಾಕಿ ಆಡಿಸಿದ. ಎರಡು ಸಣ್ಣ ಸಿಂಪಿ, ಒಂದು ಕಂದು ಶಂಖದ ಹುಳ ಉಳೀತು. ಒಣ ಉಸುಕಿನಾಗ ಲಾಳಿಕಿ ಹಂಗ ಸಣ್ಣ ತೆಗ್ಗು ತೋಡಿ ಇರಿವಿ ಬೀಳೋದನ್ನ ಕಾಯೋ ಹುಳಾನ ಬಸು ತೋರಿಸಿದ, ಹತ್ತಿರ ಹತ್ತಿರ ಆರೇಳು ಇದ್ವು.

ಅವ್ವ ಸೀರಿ ಎತ್ತಿ ಕಟ್ಟಿಕೊಂಡು ಮೆಲ್ಲಕ ನೀರಿಗಿ ಇಳಿದು ಸಾಣಿಗಿಯಾಗ ಬಗ್ಗಿ ನೋಡಿದ್ಳು. ಸಿಂಪಿ ಒಂದು ಬಾಯಿ ಬಿಚ್ಚಿ ಬಿಳಿ ಪಾದ ಹೊರಗ ಹಾಕ್ಲಾಕತ್ತಿತ್ತು.

"ಇನ್ನೊಂದು ಬೊಗಸಿ ಹಾಕ್ರಿ" ಅಂದ್ಳು ಅಪ್ಪಗ.